ಕಡೆಗಣ್ಣಿನ ಪರೀಕ್ಷೆ

ಮೂರು ತಿಂಗಳ ಹಿಂದೆ ಒಂದು ಭಾನುವಾರದ ಬೆಳಿಗ್ಗೆ, ನಾನು ಪದವಿ ತರಗತಿಯ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕುಳಿತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಓದುವ ಕಾಲದಲ್ಲಿ ಅವಳು ವಿಜ್ಞಾನದ ಹುಡುಗಿ. ಕನ್ನಡ ಅವಳ ಪಾಲಿಗೆ ಒಂದು ಭಾಷಾಪತ್ರಿಕೆ ಮಾತ್ರ. ಆದರೂ ಮೊದಲ ಬೆಂಚಿನಲ್ಲಿ ಕುಳಿತು ಕಿವಿಗೊಟ್ಟು ಕೇಳುತ್ತಿದ್ದಳು. ಅಂಥವರನ್ನು ಉಪಾಧ್ಯಾಯರು ಮರೆಯುವುದಿಲ್ಲ. ಈಗ ಅವಳಿಗೆ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕೆಲಸ. ಮುಖಕ್ಕೆ ಹಚ್ಚುವ ಲೇಪಗಳನ್ನು ಮಾರುಕಟ್ಟೆಗೆ ಬಿಡುವ ಮೊದಲು ಮನುಷ್ಯರ ಮೇಲೆ ಪ್ರಯೋಗಿಸಿ ನೋಡಿ ವರದಿ ಕೊಡುವುದು ಆ ಸಂಸ್ಥೆಯ ಕಸುಬಂತೆ. ಕೈಯಲ್ಲಿ ಹನ್ನೊಂದು ಹಾಳೆಗಳ ಒಂದು ಕಂತೆಯಿತ್ತು. “ಮೇಡಂ, ಇದನ್ನು ಕನ್ನಡಕ್ಕೆ ಮಾಡಿಕೊಡಬೇಕು. ಯಂತ್ರದ ಕೈಯಲ್ಲಿ ಮಾಡಿಸಿ ನೋಡಿದೆವು, ಓದಿದ ಹೆಂಗಸರು ನಕ್ಕುಬಿಟ್ಟರು” ಎಂದಳು.

ಹಾಳೆಗಳನ್ನು ತಿರುವಿ ನೋಡಿದೆ. ಕಣ್ಣಿನ ಸುತ್ತ ಮೂಡುವ ಸುಕ್ಕುಗಳನ್ನು ಇಳಿಸುತ್ತದೆಂಬ ಒಂದು ಹೊಸ ಲೇಪ. ಅದನ್ನು ಮೂವತ್ತೈದರಿಂದ ಅರವತ್ತು ವಯಸ್ಸಿನ ನಲವತ್ತು ಮಂದಿ ಹೆಂಗಸರ ಮೇಲೆ ಹನ್ನೆರಡು ವಾರ ಪರೀಕ್ಷಿಸಬೇಕು. ಮೊದಲ ಒಂಬತ್ತು ಹಾಳೆ ಒಪ್ಪಿಗೆಪತ್ರ, ಉಳಿದ ಎರಡು ಪ್ರಶ್ನಾವಳಿ. ಮನುಷ್ಯರ ಮೇಲೆ ಪ್ರಯೋಗ ಮಾಡುವವರು ಅವರಿಗೆ ತಿಳಿಯುವ ಭಾಷೆಯಲ್ಲಿಯೇ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ವಿಧಿಸುತ್ತದೆ. ಕನ್ನಡದ ಮೇಷ್ಟರಿಗೆ ಸುಕ್ಕಿನ ಲೇಪದ ಮನೆಯಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಇದೇ ಉತ್ತರ. ನಾನು ಒಪ್ಪಿಕೊಂಡೆ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ಬಹಳ ಸದ್ಭಾವದಿಂದಲೇ, “ಮೇಡಂ, ನಿಮ್ಮ ವಯಸ್ಸೂ ಸರಿಹೊಂದುತ್ತದೆ, ಬೇಕಾದರೆ ನೀವೂ ಹೆಸರು ಕೊಡಬಹುದು” ಎಂದಳು. ನನಗೆ ನಲವತ್ತೇಳು. ಅವಳು ಹೋದ ಮೇಲೆ ಕನ್ನಡಿಯ ಮುಂದೆ ನಿಂತೆನೆಂಬುದನ್ನು ಮುಚ್ಚಿಡುವುದಿಲ್ಲ.

ಮೊದಲ ತೊಡಕು ಮೊದಲ ಸಾಲಿನಲ್ಲಿಯೇ ಎದುರಾಯಿತು. ಕಣ್ಣಿನ ಹೊರತುದಿಯಿಂದ ಕಪಾಲದ ಕಡೆಗೆ ಬೀಸಣಿಗೆಯಂತೆ ಹರಡುವ ಆ ಗೆರೆಗಳಿಗೆ ಕನ್ನಡದಲ್ಲಿ ಏನೆನ್ನಬೇಕು? ಇಂಗ್ಲಿಷರು ಅದನ್ನು ಕಾಗೆಯ ಕಾಲು ಎನ್ನುತ್ತಾರೆ. ಹದಿನಾಲ್ಕನೆಯ ಶತಮಾನದ ಚಾಸರನ ಕಾವ್ಯದಲ್ಲಿಯೇ ಆ ಮಾತಿದೆ. ಫ್ರೆಂಚರಿಗೆ ಅದು ಹೆಬ್ಬಾತಿನ ಪಾದ. ನಮ್ಮಲ್ಲಿ ಸುಕ್ಕು ಉಂಟು, ನೆರಿಗೆ ಉಂಟು, ಸಂಸ್ಕೃತದ ವಳಿ ಉಂಟು. ಈ ವಳಿಯ ಭಾಗ್ಯವನ್ನು ನೋಡಿ: ನಾಯಿಕೆಯ ನಡುವಿನಲ್ಲಿ ಮೂರಾಗಿ ಕಾಣಿಸಿಕೊಂಡರೆ ಕವಿಗಳೆಲ್ಲ ತ್ರಿವಳಿಯೆಂದು ಹಾಡಿ ಹೊಗಳಿದರು; ಅದೇ ಒಂದು ಗೇಣು ಮೇಲೆ ಹತ್ತಿ ಮುಖಕ್ಕೆ ಬಂದರೆ ಮುಪ್ಪೆಂದು ಹಳಿದರು. ಹಳೆಯ ಕನ್ನಡದ ಮಾತು ತೆರೆ. ತೆರೆಯೆಂದರೆ ಅಲೆ, ತೆರೆಯೆಂದರೆ ಪರದೆ, ತೆರೆಯೆಂದರೆ ಸುಕ್ಕು. ಬಸವಣ್ಣನವರ ಬಹು ಪ್ರಸಿದ್ಧವಾದ ವಚನವೊಂದು ಮುಪ್ಪಿನ ಗುರುತುಗಳನ್ನು ಎಣಿಸಲು ತೊಡಗುವುದು ನೆರೆಯಿಂದ ಮತ್ತು ತೆರೆಯಿಂದಲೇ. ಆದರೆ ಅಲ್ಲಿಯ ತೆರೆ ಗಲ್ಲದ್ದು, ಕಣ್ಣಿನದಲ್ಲ. ಕಣ್ಣಿನ ಆ ಮೂಲೆಗೆ ನಮ್ಮವರು ಕಡೆಗಣ್ಣು ಎಂದರು, ಅದರಿಂದ ಹೊರಡುವ ನೋಟವನ್ನು ಹಾಡಿದರು, ಲಕ್ಷ್ಯವಿಡದಿರುವುದಕ್ಕೆ ಕಡೆಗಣಿಸು ಎಂಬ ಕ್ರಿಯಾಪದವನ್ನೂ ಅದರಿಂದಲೇ ಮಾಡಿಕೊಂಡರು. ಅಲ್ಲಿ ಬೀಳುವ ಗೆರೆಗೆ ಮಾತ್ರ ಪ್ರತ್ಯೇಕವಾದ ಹೆಸರಿಡಲಿಲ್ಲ. ಅದನ್ನು ಒಂದು ರೋಗವೆಂದೋ ಕೊರತೆಯೆಂದೋ ಅವರು ಬೇರೆಯಾಗಿ ಎಣಿಸಿರಲಿಲ್ಲವೆಂದು ನನ್ನ ಊಹೆ. ಕೊನೆಗೆ ‘ಕಡೆಗಣ್ಣಿನ ನೆರಿಗೆ’ ಎಂದು ಬರೆದೆ.

ಆ ಜಾಗವನ್ನೇ ಪರೀಕ್ಷೆಗೆ ಏಕೆ ಆರಿಸುತ್ತಾರೆಂದು ಕೇಳಿದಾಗ ನನ್ನ ಶಿಷ್ಯೆ ಚೆನ್ನಾಗಿ ವಿವರಿಸಿದಳು. ಕಣ್ಣನ್ನು ಬಳಸಿಕೊಂಡು ಉಂಗುರದಂಥ ಒಂದು ಸ್ನಾಯುವಿದೆ. ನಕ್ಕಾಗ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಾಗ ಅದು ಬಿಗಿಯುತ್ತದೆ. ಮೇಲಿನ ತೆಳ್ಳನೆಯ ಚರ್ಮ ಮಡಿಸಿಕೊಳ್ಳುತ್ತದೆ. ಎಳೆಯ ವಯಸ್ಸಿನಲ್ಲಿ ನಗು ನಿಂತೊಡನೆ ಮಡಿಕೆಯೂ ಹೋಗುತ್ತದೆ. ವರ್ಷಗಳ ಬಿಸಿಲು ಚರ್ಮದ ಒಳಗಿನ ಎಳೆಗಳನ್ನು ಸಡಿಲಗೊಳಿಸಿದ ಮೇಲೆ, ನಗು ಹೋದರೂ ಅದರ ಗುರುತು ಉಳಿದುಬಿಡುತ್ತದೆ. ಅಲ್ಲಿ ಒಂದು ಬಗೆಯ ಸಿಲಿಕೋನ್ ಹಿಟ್ಟನ್ನು ಒತ್ತಿ ಅಚ್ಚು ತೆಗೆದರೆ ಗೆರೆಗಳ ಆಳವನ್ನು ಯಂತ್ರ ಅಳೆಯಬಲ್ಲದು. ಒಂದೇ ಬೆಳಕಿನಲ್ಲಿ, ಒಂದೇ ಕೋನದಿಂದ ತೆಗೆದ ಚಿತ್ರಗಳನ್ನು ತಜ್ಞರಿಗೆ ಕೊಟ್ಟು ಅಂಕ ಹಾಕಿಸುತ್ತಾರೆ. ಮೇಲಾಗಿ ದೇವರು ಮನುಷ್ಯನಿಗೆ ಎರಡು ಕಣ್ಣು ಕೊಟ್ಟಿದ್ದಾನೆ: ಒಂದಕ್ಕೆ ಹೊಸ ಲೇಪ, ಇನ್ನೊಂದಕ್ಕೆ ಅದೇ ಬಣ್ಣದ, ಅದೇ ವಾಸನೆಯ, ಆದರೆ ಮುಖ್ಯ ದ್ರವ್ಯವಿಲ್ಲದ ಬರಿಯ ಲೇಪ. ಯಾವುದು ಯಾವ ಕಡೆಗೆ ಎಂಬುದು ಹಚ್ಚಿಕೊಂಡವಳಿಗೂ ತಿಳಿಯದು, ನೋಡುವ ವೈದ್ಯರಿಗೂ ತಿಳಿಯದು.

ಈ ಏರ್ಪಾಡು ನನಗೆ ತಟ್ಟನೆ ಅರ್ಥವಾಯಿತು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಉತ್ತರಪತ್ರಿಕೆಯ ಮೇಲಿನ ನೋಂದಣಿ ಸಂಖ್ಯೆಯನ್ನು ತೆಗೆದು ಸಂಕೇತ ಸಂಖ್ಯೆ ಹಾಕುವುದು ಏತಕ್ಕೆ? ನಮ್ಮ ಕಣ್ಣನ್ನು ನಾವೇ ನಂಬುವುದಿಲ್ಲವಾದ್ದರಿಂದ. ಇನ್ನೂ ಹಳೆಯ ನಿದರ್ಶನ ಬೇಕಾದರೆ ಭಾರತದ ವನಪರ್ವದಲ್ಲಿದೆ. ಮುದುಕ ಚ್ಯವನನು ಅಶ್ವಿನೀದೇವತೆಗಳೊಡನೆ ಸರೋವರದಲ್ಲಿ ಮುಳುಗಿ ಏಳುತ್ತಾನೆ. ಎದ್ದ ಮೂವರೂ ಒಂದೇ ರೂಪದ ತರುಣರು. ಸುಕನ್ಯೆ ಅವರಲ್ಲಿ ಗಂಡನನ್ನು ಗುರುತಿಸಬೇಕು. ಮುಪ್ಪಿನ ಚಿಕಿತ್ಸೆಯ ಮೊದಲ ಗುಪ್ತ ಪರೀಕ್ಷೆ ಇದೇ ಎಂದು ನಾನು ಹೇಳಿದಾಗ ನನ್ನ ಶಿಷ್ಯೆ, “ಅಲ್ಲಿ ಪರೀಕ್ಷೆ ಆದದ್ದು ಹೆಂಡತಿಗೆ ಮೇಡಂ, ಔಷಧಕ್ಕಲ್ಲ” ಎಂದಳು. ಮೊದಲ ಬೆಂಚಿನ ಹುಡುಗಿಯೆಂದು ಆಗಲೇ ಹೇಳಿದೆನಷ್ಟೆ.

ಒಪ್ಪಿಗೆಪತ್ರವನ್ನು ಅನುವಾದಿಸುತ್ತಿದ್ದ ದಿನಗಳಲ್ಲಿ ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ. ಸಾಹಿತ್ಯದ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಸಂಗತಿ ಅದರಲ್ಲಿ ದೊರೆಯಿತು. ಕಡೆಗಣ್ಣಿನ ನೆರಿಗೆಗೆ ಇಂದು ಲೋಕದಲ್ಲೆಲ್ಲ ಚುಚ್ಚುವ ಬೊಟಾಕ್ಸ್ ಎಂಬುದರ ಮೂಲ ವಿಷವನ್ನು ಮೊದಲು ಕ್ರಮವಾಗಿ ಪರಿಶೀಲಿಸಿದವನು ಒಬ್ಬ ಕವಿ. ಜರ್ಮನಿಯ ಯುಸ್ಟಿನಸ್ ಕೆರ್ನರ್, 1786ರಲ್ಲಿ ಹುಟ್ಟಿ 1862ರಲ್ಲಿ ತೀರಿಕೊಂಡವನು, ವೃತ್ತಿಯಿಂದ ವೈದ್ಯ. ಅವನ ಹನ್ನೆರಡು ಕವಿತೆಗಳಿಗೆ ಶೂಮನ್ 1840ರಲ್ಲಿ ಸಂಗೀತ ಹೊಂದಿಸಿದ್ದಾನೆ. ಕೆಟ್ಟ ಮಾಂಸದ ಸಾಸೇಜು ತಿಂದು ರೆಪ್ಪೆ ಜೋತು, ನಾಲಗೆ ಒಣಗಿ, ಉಸಿರು ನಿಂತು ಸಾಯುತ್ತಿದ್ದ ಜನರ ವಿವರಗಳನ್ನು ಅವನು ಸಂಗ್ರಹಿಸಿ 1820ರಲ್ಲಿ ಮತ್ತು 1822ರಲ್ಲಿ ಪ್ರಕಟಿಸಿದ. ವಿಷವನ್ನು ತನ್ನ ನಾಲಗೆಯ ಮೇಲೆಯೇ ಇಟ್ಟು ನೋಡಿದ. ಬಹು ಸ್ವಲ್ಪ ಪ್ರಮಾಣದಲ್ಲಿ ಕೊಟ್ಟರೆ ಅಂಗಾಂಗಗಳ ಅತಿಚಲನೆಯನ್ನು ತಗ್ಗಿಸಲು ಒದಗೀತೆಂದೂ ಊಹಿಸಿದ. ಪರೀಕ್ಷೆಗೆ ಬೇರೆಯವರ ದೇಹ ಹುಡುಕುವ ಮೊದಲು ತನ್ನದನ್ನೇ ಮುಂದೊಡ್ಡಿದ ಈ ಕವಿಯ ಮೇಲೆ ನನಗೆ ಗೌರವ ಹುಟ್ಟಿತು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಸ್ಯಾನ್‌ಫ್ರಾನ್ಸಿಸ್ಕೋದ ಅಲನ್ ಸ್ಕಾಟ್ ಎಂಬ ನೇತ್ರವೈದ್ಯರು ಅದೇ ವಿಷವನ್ನು ಮೆಳ್ಳೆಗಣ್ಣಿಗೆ ಮದ್ದಾಗಿಸಿದರು. ಅಮೆರಿಕದ ಸರ್ಕಾರ ಅದಕ್ಕೆ 1989ರಲ್ಲಿ ಅನುಮತಿ ಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲು, 1987ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ಜೀನ್ ಕ್ಯಾರುದರ್ಸ್ ಎಂಬ ನೇತ್ರವೈದ್ಯೆ, ರೆಪ್ಪೆ ಬಡಿದುಕೊಳ್ಳುವ ರೋಗಕ್ಕೆ ಇದನ್ನು ಚುಚ್ಚುತ್ತಿದ್ದಾಗ, ಚುಚ್ಚಿದ ಕಡೆ ಮುಖದ ಗಂಟು ಸಡಿಲವಾಗುವುದನ್ನು ರೋಗಿಯೊಬ್ಬಳ ಮಾತಿನಿಂದ ಗಮನಿಸಿದರು. ಚರ್ಮವೈದ್ಯರಾದ ಪತಿ ಅಲಸ್ಟೇರ್ ಅವರೊಡನೆ ಸೇರಿ 1992ರಲ್ಲಿ ಅದನ್ನು ಪ್ರಕಟಿಸಿದರು. ಹುಬ್ಬಿನ ನಡುವಿನ ಗಂಟಿಗೆ 2002ರಲ್ಲಿ, ಕಡೆಗಣ್ಣಿನ ನೆರಿಗೆಗೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎರಡನೆಯದರ ಪರೀಕ್ಷೆ ನಡೆದ ರೀತಿ ನನಗೆ ಮೆಚ್ಚಿಗೆಯಾಯಿತು. ಎರಡು ಕಡೆಗೂ ಸೇರಿ ಇಪ್ಪತ್ತನಾಲ್ಕು ಅಳತೆ ಮದ್ದು. ಕೆಲವರಿಗೆ ಮದ್ದಿಲ್ಲದ ಸೂಜಿ. ಮೂವತ್ತನೆಯ ದಿನ ಎಷ್ಟು ಸಾಧ್ಯವೋ ಅಷ್ಟು ನಗಲು ಹೇಳಿ, ಗೆರೆಗೆ ವೈದ್ಯರೂ ಅಂಕ ಹಾಕಬೇಕು, ಚುಚ್ಚಿಸಿಕೊಂಡವರೂ ಅಂಕ ಹಾಕಬೇಕು. ಗುಣ ಮೂರು ನಾಲ್ಕು ತಿಂಗಳಿಗೆ ಇಳಿದುಹೋಗುತ್ತದೆಂಬುದನ್ನೂ ಮರೆಮಾಚದೆ ಹೇಳಿದ್ದಾರೆ.

ಇಲ್ಲೊಂದು ವಿಚಿತ್ರವನ್ನು ಓದುಗರು ಗಮನಿಸಬೇಕು. ಫ್ರಾನ್ಸಿನ ಡ್ಯೂಶೆನ್ ಎಂಬ ವೈದ್ಯ 1862ರಷ್ಟು ಹಿಂದೆಯೇ ಮುಖದ ಸ್ನಾಯುಗಳಿಗೆ ವಿದ್ಯುತ್ತನ್ನು ಹಾಯಿಸಿ ಪರೀಕ್ಷಿಸಿದ. ತುಟಿಯನ್ನು ಯಾರು ಬೇಕಾದರೂ ಅರಳಿಸಬಹುದು, ಆದರೆ ಕಣ್ಣಿನ ಸುತ್ತಿನ ಸ್ನಾಯು ಮನಸ್ಸಿನ ನಿಜವಾದ ಸಂತೋಷಕ್ಕಲ್ಲದೆ ಬಗ್ಗುವುದಿಲ್ಲವೆಂದು ಅವನ ನಿರ್ಣಯ. ಆ ಚಿತ್ರಗಳಲ್ಲಿ ಕೆಲವನ್ನು ಡಾರ್ವಿನ್ 1872ರಲ್ಲಿ ತನ್ನ ಗ್ರಂಥದಲ್ಲಿ ಬಳಸಿಕೊಂಡ. ಹಾಗಾದರೆ ನಾವು ಅಳಿಸಲು ಹೊರಟಿರುವ ಗೆರೆ, ಹೃದಯಪೂರ್ವಕವಾಗಿ ನಕ್ಕ ನಗೆಗಳ ಲೆಕ್ಕವೆಂದಾಯಿತು. ಇದನ್ನು ಹಿಡಿದುಕೊಂಡು, ಚುಚ್ಚಿಸಿಕೊಳ್ಳುವವರನ್ನು ಹೀಯಾಳಿಸುವ ಲೇಖನ ಬರೆಯುವುದು ಸುಲಭ. ನಾನು ಬರೆಯಲಾರೆ. ತಲೆಗೆ ಬಣ್ಣ ಹಚ್ಚಿಕೊಂಡು ವೇದಿಕೆಯೇರಿ ಸಹಜ ಸೌಂದರ್ಯದ ಮೇಲೆ ಭಾಷಣ ಮಾಡುವ ಗಂಡಸರನ್ನು ಬೇಕಾದಷ್ಟು ಕೇಳಿದ್ದೇನೆ. ಯಯಾತಿ ಮಗನ ಯೌವನವನ್ನೇ ಕೇಳಿ ಪಡೆದ. ಪಾಪ, ಈ ಹೆಂಗಸರು ಕೇಳುವುದು ಕಣ್ಣಿನ ಪಕ್ಕದ ಎರಡು ಅಂಗುಲವನ್ನು ಮಾತ್ರ. ಕೇಳಲಿ. ಆದರೆ ಕೇಳಿದ್ದು ಸಿಕ್ಕಿತೋ ಇಲ್ಲವೋ ಎಂಬುದನ್ನು ಅವರಿಗೆ ನಿಜವಾಗಿ ಹೇಳಬೇಕು, ಮತ್ತು ಅದನ್ನು ತಿಳಿಯಲು ಯಾರ ಮುಖವನ್ನು ಬಳಸಿಕೊಂಡಿರಿ ಎಂಬುದಕ್ಕೂ ಉತ್ತರ ಕೊಡಬೇಕು. ನನ್ನ ಜಗಳ ಇಷ್ಟರಲ್ಲಿದೆ.

ಎರಡನೆಯದನ್ನು ಮೊದಲು ಹೇಳುತ್ತೇನೆ. ಸುಕ್ಕಿಗೆ ಹಚ್ಚುವ ಮದ್ದುಗಳಲ್ಲಿ ಗುಣ ಉಂಟೆಂದು ಚೆನ್ನಾಗಿ ಸ್ಥಾಪಿತವಾದದ್ದು ಟ್ರೆಟಿನಾಯಿನ್, ಎ ಜೀವಸತ್ವದ ಒಂದು ರೂಪ. 1988ರಲ್ಲಿ ಮಿಷಿಗನ್ನಿನ ವೈದ್ಯರು ಮೂವತ್ತು ಮಂದಿಯ ಒಂದು ಮುಂಗೈಗೆ ಮದ್ದು, ಇನ್ನೊಂದಕ್ಕೆ ಬರಿಯ ಲೇಪ ಹಚ್ಚಿಸಿ ಹದಿನಾರು ವಾರ ನೋಡಿದರು. ಮದ್ದಿನ ಕಡೆ ಎದ್ದು ಕಾಣುವಂತೆ ಸುಧಾರಿಸಿತು, ಚರ್ಮ ಕೆಂಪಾಗಿ ಸುಲಿಯುವ ತೊಂದರೆಯೂ ಬಹಳ ಮಂದಿಗೆ ಬಂತು, ಎರಡನ್ನೂ ಬರೆದರು. ಇದು ಸರಿಯಾದ ಪರೀಕ್ಷೆ. ಆದರೆ ಆ ಮದ್ದಿನ ಬೇರನ್ನು ಹಿಡಿದು ಹಿಂದಕ್ಕೆ ಹೋದರೆ ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಸೆರೆಮನೆಗೆ ತಲುಪುತ್ತೇವೆ. ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಪ್ರಖ್ಯಾತ ಚರ್ಮವೈದ್ಯ 1951ರಿಂದ 1974ರವರೆಗೆ ಅಲ್ಲಿಯ ಕೈದಿಗಳ ಮೇಲೆ ಬಗೆಬಗೆಯ ಪದಾರ್ಥಗಳನ್ನು ಪ್ರಯೋಗಿಸಿದ. ಅವರಲ್ಲಿ ಹೆಚ್ಚಿನವರು ಕಪ್ಪು ಜನ, ಬಡವರು. ಕೆಲವು ಡಾಲರುಗಳಿಗಾಗಿ, ಓದಿ ಅರ್ಥಮಾಡಿಕೊಳ್ಳಲಾಗದ ಕಾಗದಕ್ಕೆ ರುಜು ಹಾಕಿದವರು. ಸೆರೆಮನೆಯ ಒಳಗೆ ಹೋದಾಗ ತನಗೆ ಕಂಡದ್ದು ಎಕರೆಗಟ್ಟಲೆ ಚರ್ಮವೆಂದು ಆತ ಹೇಳಿಕೊಂಡಿದ್ದುಂಟು. ಆ ಮಾತನ್ನೇ ಹೆಸರಾಗಿಸಿ ಆಲನ್ ಹಾರ್ನ್‌ಬ್ಲಮ್ 1998ರಲ್ಲಿ ಈ ಚರಿತ್ರೆಯನ್ನು ಪುಸ್ತಕ ಮಾಡಿದರು. ಫಿಲಡೆಲ್ಫಿಯ ನಗರ ಕ್ಷಮೆ ಕೇಳಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ವೈದ್ಯ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕೈದಿಗಳಲ್ಲಿಯೂ ಅನೇಕರು ಉಳಿದಿರಲಿಲ್ಲ.

ಒಪ್ಪಿಗೆಪತ್ರದ ಕನ್ನಡ ಕ್ಲಿಷ್ಟವಾದರೆ ಏನು ಮಹಾ ಎಂದು ಕೇಳುವವರಿಗಾಗಿ ಇದನ್ನು ಬರೆದೆ. ಗಾಯದಿಂದ ಸೋರುವ ರಸಿಗೆ ‘ಸ್ರಾವ’ ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮ ಅನುವಾದಗಳ ಹಳೆಯ ಚಾಳಿ. ಹಾಗೆ ಬರೆದದ್ದಕ್ಕೆ ಒಬ್ಬಳು ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಿಗೆಯಲ್ಲ.

ಇನ್ನು ನಿಜ ಹೇಳುವ ವಿಷಯ. ಇಂಗ್ಲೆಂಡಿನಲ್ಲಿ 2007ರಲ್ಲಿ ಬೂಟ್ಸ್ ಎಂಬ ಅಂಗಡಿಯವರ ಒಂದು ಲೇಪವನ್ನು ದೂರದರ್ಶನದ ಕಾರ್ಯಕ್ರಮವೊಂದು ಹೊಗಳಿತು; ಜನ ಬೆಳಗಿನ ಜಾವದಿಂದ ಸಾಲು ನಿಂತು ಕೊಂಡರು. ಅಂಗಡಿಯವರು ಸುಮ್ಮನಿರದೆ ಸರಿಯಾದ ಪರೀಕ್ಷೆಗೆ ಒಪ್ಪಿದರೆಂಬುದು ಅವರಿಗೆ ಭೂಷಣ. ಅರವತ್ತು ಮಂದಿ, ಆರು ತಿಂಗಳು, ಅರ್ಧ ಜನಕ್ಕೆ ಲೇಪ, ಅರ್ಧ ಜನಕ್ಕೆ ಬರಿಯ ಲೇಪ. ಫಲಿತಾಂಶ 2009ರಲ್ಲಿ ಹೊರಬಂತು: ಲೇಪ ಹಚ್ಚಿದವರಲ್ಲಿ ನೂರಕ್ಕೆ 43 ಮಂದಿಯ ಸುಕ್ಕು ಕಡಿಮೆಯಾಗಿತ್ತು, ಬರಿಯ ಲೇಪದವರಲ್ಲಿ ನೂರಕ್ಕೆ 22 ಮಂದಿಯದು. ಮೊದಲ ಗುಂಪು ತಾನು ಹಿಂದೆ ಇದ್ದುದಕ್ಕಿಂತ ಗಣನೀಯವಾಗಿ ಸುಧಾರಿಸಿದೆ, ಎರಡನೆಯದು ಇಲ್ಲ, ಆದ್ದರಿಂದ ಲೇಪಕ್ಕೆ ಗುಣವಿದೆ ಎಂದು ಸಾರಲಾಯಿತು. ಮಾರ್ಟಿನ್ ಬ್ಲ್ಯಾಂಡ್ ಎಂಬ ಸಂಖ್ಯಾಶಾಸ್ತ್ರಜ್ಞರು ಈ ತರ್ಕದ ತಪ್ಪನ್ನು ಎತ್ತಿ ತೋರಿಸಿದರು. ತಪ್ಪು ಏನೆಂಬುದು ಉಪಾಧ್ಯಾಯರಿಗೆ ಬೇಗ ಹೊಳೆಯುತ್ತದೆ. ಒಬ್ಬ ಹುಡುಗ ಪಾಸಾದ, ಇನ್ನೊಬ್ಬ ಫೇಲಾದ ಎಂದ ಮಾತ್ರಕ್ಕೆ ಮೊದಲನೆಯವನು ಬಹಳ ಜಾಣನೆಂದು ಸಿದ್ಧವಾಗುವುದಿಲ್ಲ. ಅವನಿಗೆ 35, ಇವನಿಗೆ 34 ಬಂದಿರಬಹುದು. ಇಬ್ಬರನ್ನೂ ಒಬ್ಬರ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ಅಳೆಯಬೇಕು. ಹಾಗೆ ಅಳೆದಾಗ ಆರು ತಿಂಗಳ ಆ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳುವಷ್ಟು ಗಟ್ಟಿಯಾಗಿರಲಿಲ್ಲ.

ನನ್ನ ಮನಸ್ಸನ್ನು ಹಿಡಿದದ್ದು ಆ 22. ಏನೂ ಇಲ್ಲದ ಲೇಪಕ್ಕೂ ನೂರಕ್ಕೆ ಇಪ್ಪತ್ತೆರಡು! ಜಿಡ್ಡು ಯಾವುದಾದರೂ ಚರ್ಮದ ನೀರನ್ನು ತಡೆದು ನಿಲ್ಲಿಸುತ್ತದೆ. ನೀರುಂಡ ಚರ್ಮದಲ್ಲಿ ಸಣ್ಣ ಗೆರೆಗಳು ಕೆಲವು ಗಂಟೆಗಳ ಕಾಲ ಕಾಣಿಸುವುದಿಲ್ಲ. ಇದನ್ನು ನಾನೇ ಪರೀಕ್ಷಿಸುವ ಹುಚ್ಚು ಹಿಡಿಯಿತು. ಪೇಟೆಗೆ ಹೋಗಿ, ಬೆಲೆ ಹೇಳಿದರೆ ಮನೆಯಲ್ಲಿ ಮಾತು ಕೇಳಬೇಕಾಗುವಂಥ ಒಂದು ಪುಟ್ಟ ಡಬ್ಬಿಯನ್ನು ತಂದೆ. ಆರು ವಾರ ಬಲಗಣ್ಣಿಗೆ ಅದು, ಎಡಗಣ್ಣಿಗೆ ಹಿಮ್ಮಡಿಗೆ ಹಚ್ಚುವ ಮಾಮೂಲು ಪೆಟ್ರೋಲಿಯಂ ಜೆಲ್ಲಿ. ಯಾವುದು ಎಲ್ಲಿಗೆಂದು ಮಗಳಿಗೆ ಹೇಳಲಿಲ್ಲ. ಆರು ವಾರ ಕಳೆದ ಮೇಲೆ ಕಿಟಕಿಯ ಬೆಳಕಿನಲ್ಲಿ ಕೂರಿಸಿಕೊಂಡು ತೀರ್ಪು ಕೊಡೆಂದೆ. ಅವಳು ಹತ್ತಿರದಿಂದ ನೋಡಿ, ದೂರದಿಂದ ನೋಡಿ, “ಎಡಗಡೆಯದು ಸ್ವಲ್ಪ ವಾಸಿ ಅಮ್ಮ. ಯಾಕೆ, ಬಲಗಡೆಗೆ ಏನೂ ಹಚ್ಚಲಿಲ್ಲವಾ?” ಎಂದಳು. ಒಬ್ಬಳ ಎರಡು ಕಣ್ಣು ಪರೀಕ್ಷೆಯಲ್ಲವೆಂದು ಬಲ್ಲೆ. ಡಬ್ಬಿ ಇನ್ನೂ ಅರ್ಧ ಉಳಿದಿದೆ.

ಪ್ರಶ್ನಾವಳಿಗೆ ಬಂದಾಗಲೇ ನನಗೂ ಸಂಸ್ಥೆಗೂ ಮನಸ್ತಾಪವಾದದ್ದು. ಅಲ್ಲಿದ್ದ ಹದಿನಾಲ್ಕು ಪ್ರಶ್ನೆಗಳು ಪ್ರಶ್ನೆಗಳೇ ಅಲ್ಲ, ಹೊಗಳಿಕೆಗಳು. ನನ್ನ ಕಡೆಗಣ್ಣಿನ ನೆರಿಗೆ ಕಡಿಮೆಯಾದಂತೆ ತೋರುತ್ತದೆ, ನನ್ನ ನೋಟ ಹೆಚ್ಚು ಎಳೆಯದಾದಂತೆ ಅನಿಸುತ್ತದೆ, ಹೀಗೆ. ಪ್ರತಿಯೊಂದರ ಮುಂದೆಯೂ ಬಹಳ ಒಪ್ಪುತ್ತೇನೆ, ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂಬ ನಾಲ್ಕು ಮನೆಗಳು. ಮೂರು ಮನೆ ಅವರ ಕಡೆಗೆ, ಒಂದು ಮನೆ ಸತ್ಯದ ಕಡೆಗೆ. ನೂರಕ್ಕೆ ಇಷ್ಟು ಮಹಿಳೆಯರು ಒಪ್ಪಿದ್ದಾರೆಂದು ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಬರುವ ಅಂಕಿ ಹುಟ್ಟುವ ಬಗೆ ಇದು. ಇದಕ್ಕಿಂತಲೂ ನನ್ನನ್ನು ತಡೆದು ನಿಲ್ಲಿಸಿದ್ದು ‘ಅಂತೆ’ ಎಂಬ ಆ ಎರಡಕ್ಷರ. ಕಡಿಮೆಯಾಗಿದೆ ಎಂದು ಬರೆದರೆ ಏನಾಗುತ್ತದೆಂದು ಕೇಳಿದೆ. ಹಾಗೆ ಬರೆಯುವಂತಿಲ್ಲವಂತೆ. ಅಮೆರಿಕದ 1938ರ ಕಾಯಿದೆಯ ಪ್ರಕಾರ ದೇಹದ ರಚನೆಯನ್ನು ಬದಲಿಸುವುದು ಔಷಧ, ತೋರಿಕೆಯನ್ನು ಬದಲಿಸುವುದು ಪ್ರಸಾಧನ. ನಮ್ಮ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯೂ ಕಾಂತಿವರ್ಧಕದ ಲಕ್ಷಣವನ್ನು ಹೇಳುವಾಗ ತೋರಿಕೆಯ ಮಾತನ್ನೇ ಆಡುತ್ತದೆ. ಸುಕ್ಕು ಕಡಿಮೆಯಾಯಿತೆಂದರೆ ಔಷಧದ ಕಠಿಣ ಪರೀಕ್ಷೆಗಳನ್ನು ದಾಟಬೇಕು; ಕಡಿಮೆಯಾದಂತೆ ತೋರಿತೆಂದರೆ ನಾಳೆಯೇ ಅಂಗಡಿಗೆ ಬರಬಹುದು.

ಇದು ನಾನು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವ ವಿಷಯ. ಒಂದನ್ನು ಇನ್ನೊಂದೆಂದು ಸಂಭಾವಿಸಿ, ‘ಎಂಬಂತೆ’ ಎಂಬ ವಾಚಕದ ಮರೆಯಲ್ಲಿ ನಿಂತು ಮಾತಾಡುವುದು ಉತ್ಪ್ರೇಕ್ಷೆ. ಕವಿ ಸುಳ್ಳು ಹೇಳಲಿಲ್ಲ, ಸಂಭಾವಿಸಿದ ಅಷ್ಟೆ. ಕಾವ್ಯದಲ್ಲಿ ಕವಿಗೂ ಓದುಗನಿಗೂ ಆ ಒಪ್ಪಂದ ತಿಳಿದಿರುತ್ತದೆ; ಮುಖವನ್ನು ಚಂದ್ರನೆಂದ ಮಾತ್ರಕ್ಕೆ ಯಾರೂ ಬೆಳದಿಂಗಳಿಗಾಗಿ ಕಾಯುವುದಿಲ್ಲ. ಅಂಗಡಿಯಲ್ಲಿ ಆ ಒಪ್ಪಂದವಿಲ್ಲ. ಬರೆಯುವವನು ಉತ್ಪ್ರೇಕ್ಷೆಯನ್ನು ಬರೆಯುತ್ತಾನೆ, ಕೊಳ್ಳುವವಳು ಅದನ್ನು ವಾಚ್ಯಾರ್ಥವಾಗಿ ಓದುತ್ತಾಳೆ, ಬೆಲೆ ತೆರುವುದು ವಾಚ್ಯಾರ್ಥಕ್ಕೆ. ಕೆಲವು ವೇಳೆ ‘ಅಂತೆ’ಯ ಆಸರೆಯನ್ನೂ ಬಿಟ್ಟು ನಡೆಯುತ್ತಾರೆ. 2009ರಲ್ಲಿ ಇಂಗ್ಲೆಂಡಿನ ಜಾಹೀರಾತು ನಿಯಂತ್ರಣದವರು ಓಲೇ ಕಣ್ಣಿನ ಲೇಪದ ಒಂದು ಜಾಹೀರಾತನ್ನು ನಿಲ್ಲಿಸಿದರು. ಅದರಲ್ಲಿ ಟ್ವಿಗ್ಗಿ ಎಂಬ ಹೆಸರಾಂತ ರೂಪದರ್ಶಿಯ ಮುಖವಿತ್ತು. ಆಕೆಗೆ ಆಗ ಅರವತ್ತು. ಚಿತ್ರವನ್ನು ತಿದ್ದಲಾಗಿತ್ತು, ಅದೂ ಕಣ್ಣಿನ ಸುತ್ತಲೇ.

ನಾನು ಕೇಳಿದ್ದು ದೊಡ್ಡದೇನಲ್ಲ. ಪ್ರಶ್ನೆಗಳನ್ನು ಪ್ರಶ್ನೆಗಳಾಗಿ ಬರೆಯಿರಿ. ಹೆಚ್ಚಾಗಿದೆ, ಹಾಗೆಯೇ ಇದೆ, ಕಡಿಮೆಯಾಗಿದೆ ಎಂದು ಸಮವಾಗಿ ಮನೆ ಮಾಡಿ. ಬಲ ಎಡಗಳನ್ನು ಬೇರೆಬೇರೆಯಾಗಿ ಕೇಳಿ. ಅಧಿಕಾರಿಯೊಬ್ಬರು ಬಹಳ ವಿನಯದಿಂದ ಫೋನು ಮಾಡಿ, “ನಿಮ್ಮ ಭಾಷೆ ತುಂಬಾ ಚೆನ್ನಾಗಿದೆ ಮೇಡಂ, ಆದರೆ ಪ್ರಶ್ನೆಗಳನ್ನು ಗ್ರಾಹಕರು ಕಳಿಸಿದ್ದು, ನಾವು ಮುಟ್ಟುವ ಹಾಗಿಲ್ಲ” ಎಂದರು. ಗ್ರಾಹಕರೆಂದರೆ ಹಚ್ಚಿಕೊಳ್ಳುವವರಲ್ಲ, ಮಾರುವವರು ಎಂದು ಅರ್ಥವಾಗಲು ನನಗೆ ಒಂದು ನಿಮಿಷ ಹಿಡಿಯಿತು.

ಅನುವಾದ ತಿಳಿಯುತ್ತದೆಯೇ ಎಂದು ನೋಡಲು ಒಂದು ಮಧ್ಯಾಹ್ನ ಆರು ಮಂದಿ ಹೆಂಗಸರನ್ನು ಕರೆಸಿದ್ದರು. ಇಬ್ಬರು ಸಿದ್ಧ ಉಡುಪಿನ ಕಾರ್ಖಾನೆಯವರು, ಇಬ್ಬರು ಮನೆಗೆಲಸದವರು, ಒಬ್ಬಳು ತರಕಾರಿಯವಳು, ಒಬ್ಬಳು ಬಸ್ ನಿಲ್ದಾಣದ ಬಳಿ ಹೂವು ಮಾರುವವಳು. ಹೋಗಿಬರುವ ಖರ್ಚೂ ಕಳೆದ ಕೂಲಿಯೂ ಸಿಗುತ್ತದೆಂದು ಬಂದಿದ್ದರು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ನಾನು ಒಪ್ಪಿಗೆಪತ್ರವನ್ನು ಗಟ್ಟಿಯಾಗಿ ಓದಿದೆ. ‘ಉರಿ’, ‘ನವೆ’, ‘ಕಣ್ಣಿಗೆ ಬಿದ್ದರೆ ನೀರಿನಲ್ಲಿ ತೊಳೆಯಿರಿ’, ‘ಬೇಡವೆನ್ನಿಸಿದ ದಿನ ಬಿಟ್ಟುಹೋಗಬಹುದು, ಯಾರೂ ಕಾರಣ ಕೇಳುವುದಿಲ್ಲ’ ಎಂದು ಬರೆದದ್ದು ಎಲ್ಲರಿಗೂ ತಿಳಿಯಿತು. ಹೂವಿನವಳಿಗೆ ನನ್ನ ವಯಸ್ಸೇ ಇರಬೇಕು. ಕಡೆಗಣ್ಣಿನ ಗೆರೆಗಳು ನನ್ನವಕ್ಕಿಂತ ಎರಡರಷ್ಟು ಆಳ. ಇಪ್ಪತ್ತು ವರ್ಷ ಪಶ್ಚಿಮದ ಬಿಸಿಲಿಗೆ ಮುಖ ಕೊಟ್ಟು ಕುಳಿತದ್ದಂತೆ. ಆಸ್ಟ್ರೇಲಿಯಾದ ನ್ಯಾಂಬೂರಿನಲ್ಲಿ 1992ರಿಂದ 1996ರವರೆಗೆ ಒಂಬೈನೂರಕ್ಕೂ ಹೆಚ್ಚು ಜನರ ಮೇಲೆ ಒಂದು ಪರೀಕ್ಷೆ ನಡೆದಿತ್ತು. ನಿತ್ಯವೂ ಬಿಸಿಲು ತಡೆಯುವ ಲೇಪ ಹಚ್ಚಿದವರ ಚರ್ಮ ನಾಲ್ಕೂವರೆ ವರ್ಷದಲ್ಲಿ ಗೊತ್ತಾಗುವಂತೆ ಮುಪ್ಪಾಗಲಿಲ್ಲವೆಂದು ಅದರ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಹೂವಿನವಳಿಗೆ ಬೇಕಾಗಿದ್ದದ್ದು ಇಪ್ಪತ್ತು ವರ್ಷ ಮೊದಲು ಒಂದು ಕೊಡೆ.

ಓದಿ ಮುಗಿಸಿ ಏನಾದರೂ ಕೇಳುವುದಿದೆಯೇ ಎಂದಾಗ ಅವಳೇ ಬಾಯಿ ತೆರೆದಳು. “ಅಕ್ಕಾ, ಒಂದು ಕಣ್ಣಿಗೆ ಔಸ್ದಿ, ಇನ್ನೊಂದಕ್ಕೆ ಬರೀದು ಅಂತೀರಿ. ಮೂರು ತಿಂಗ್ಳಾದ್ಮೇಲೆ ಒಂದು ಕಡೆ ಚೆನ್ನಾಗಾಗಿ ಇನ್ನೊಂದು ಕಡೆ ಹಂಗೇ ಉಳಿದ್ರೆ, ಆ ಕಡೀಗೂ ಕೊಡ್ತೀರೋ, ಇಲ್ಲಾ ಹಂಗೇ ಕಳಿಸ್ತೀರೋ?”

ಉಳಿದವರು ನಕ್ಕರು. ನಾನು ಒಂಬತ್ತು ಹಾಳೆಗಳನ್ನೂ ಮತ್ತೆ ತಿರುವಿದೆ. ಎಲ್ಲಿಯೂ ಇರಲಿಲ್ಲ. ನನ್ನ ಶಿಷ್ಯೆ ತಲೆಯೆತ್ತದೆ ತನ್ನ ಪುಸ್ತಕದಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದಳು.

ಅನುವಾದ ನಿಷ್ಠವಾಗಿದೆಯೆಂದು ನಾನು ಒಂದು ಪ್ರಮಾಣಪತ್ರಕ್ಕೆ ರುಜು ಹಾಕಬೇಕಿತ್ತು. ಆ ಪ್ರಶ್ನೆಗೆ ಉತ್ತರ ಬರುವವರೆಗೆ ಹಾಕುವುದಿಲ್ಲವೆಂದು ಬರೆದು ಕಳಿಸಿದೆ. ಮೊದಲು, ಪರಿಶೀಲಿಸಲಾಗುವುದು ಎಂದು ಬಂತು. ಎರಡು ವಾರದ ಮೇಲೆ ಒಂಬತ್ತನೆಯ ಹಾಳೆ ಒಂದು ಸಾಲು ಉದ್ದವಾಗಿ ಬಂತು: ಪ್ರಯೋಗ ಮುಗಿದ ಮೇಲೆ, ಬಯಸಿದವರಿಗೆ, ಎರಡೂ ಕಣ್ಣಿಗೆ ಮೂರು ತಿಂಗಳಿಗಾಗುವಷ್ಟು ಲೇಪವನ್ನು ಹಣ ತೆಗೆದುಕೊಳ್ಳದೆ ಕೊಡಲಾಗುವುದು. ಅದರ ಕನ್ನಡ ನನ್ನದಲ್ಲ, ನನ್ನ ಶಿಷ್ಯೆಯದು, ತಿದ್ದುವಂಥದೇನೂ ಇರಲಿಲ್ಲ. ಒಪ್ಪಿಗೆಪತ್ರಕ್ಕೆ ರುಜು ಹಾಕಿದೆ. ಪ್ರಶ್ನಾವಳಿಯ ಎರಡು ಹಾಳೆಗಳನ್ನು ಹಾಗೆಯೇ ಹಿಂದಕ್ಕೆ ಕಳಿಸಿದೆ. ಅವನ್ನು ಬೇರೆ ಯಾರೋ ಕನ್ನಡಕ್ಕೆ ಮಾಡಿಕೊಟ್ಟರಂತೆ, ನಾಲ್ಕು ಮನೆಗಳೂ ಇದ್ದಂತೆಯೇ ಇವೆಯಂತೆ.

ಪ್ರಯೋಗ ಬರುವ ಸೋಮವಾರ ಮೊದಲಾಗುತ್ತದೆ. ಹೂವಿನವಳು ಹೆಸರು ಬರೆಸಿದ್ದಾಳೆ. ಮೊನ್ನೆ ಬಸ್ಸಿಗೆ ಕಾಯುತ್ತಿದ್ದಾಗ ಕೂಗಿ ಕರೆದು ಒಂದು ಮೊಳ ಮಲ್ಲಿಗೆ ಅಳೆದುಕೊಟ್ಟಳು, ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಯಾವ ಕಣ್ಣಿಗೆ ನಿಜವಾದದ್ದು ಬರುತ್ತದೆಂದು ನನಗಾದರೂ ಗೊತ್ತೇ ಎಂದು ಗುಟ್ಟಾಗಿ ಕೇಳಿದಳು. ಗೊತ್ತಿಲ್ಲವೆಂದೆ. ಅವಳು ನಂಬಿದಂತೆ ಕಾಣಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನಕ್ಕಳು.